ಸ್ಕ್ರೂಡ್ರೈವರ್ ಆಮೇಲೆ, ಮೊದಲು ನೆಗೆಟಿವ್ ಕೊಡಿ

ಅಪ್ಪನ ಕಾಲದ ಫಿಲ್ಮ್ ಕ್ಯಾಮೆರಾ ಪೆಂಟ್ಯಾಕ್ಸ್ ಕೆ1000 ಹಿಡಿದುಕೊಂಡು ನನ್ನ ಹತ್ತಿರ ರಿಪೇರಿಗೆ ಬರುವ ಹುಡುಗರು ಈಚೆಗೆ ಜಾಸ್ತಿಯಾಗಿದ್ದಾರೆ. ಬಂದವರೇ ಫೋನ್ ತೆಗೆದು ತೋರಿಸುತ್ತಾರೆ. "ಸರ್, ಫೋಟೊ ತುಂಬಾ ಕಿತ್ತಳೆ ಗೆರೆ. ಶಟರ್ ಹೋಗಿದೆಯಾ?" ನೆಗೆಟಿವ್ ಎಲ್ಲಪ್ಪಾ ಅಂದರೆ, ಲ್ಯಾಬಿನವರು ಸ್ಕ್ಯಾನ್ ಮಾತ್ರ ಕಳಿಸಿದರು ಅನ್ನುತ್ತಾರೆ. ಸ್ಕ್ಯಾನಿನಲ್ಲಿ ಫಿಲ್ಮಿನ ಅಂಚು ಇರುವುದೇ ಇಲ್ಲ. ನನಗೆ ಬೇಕಾಗಿರುವುದೇ ಆ ಅಂಚು. ರೋಲ್ ತೊಳೆಯಲು ಕೊಡುವಾಗಲೇ ನೆಗೆಟಿವ್ ವಾಪಸ್ ಬೇಕು ಅಂತ ಹೇಳಿಬಿಡಿ.

ನೆಗೆಟಿವನ್ನು ಕಿಟಕಿ ಬೆಳಕಿಗೆ ಹಿಡಿಯಿರಿ. ಸೋರಿದ ಬೆಳಕು ಅದರಲ್ಲಿ ಕಪ್ಪಾಗಿ ಕಾಣುತ್ತದೆ. ಆ ಕಪ್ಪು ಚಿತ್ರದ ಚೌಕ ದಾಟಿ ಅಂಚಿನ ತೂತುಗಳವರೆಗೂ ಹರಡಿದ್ದರೆ ಬೆಳಕು ನುಗ್ಗಿದ್ದು ಹಿಂದಿನ ಬಾಗಿಲಿಂದ. ಚೌಕದ ಒಳಗೇ ನಿಂತಿದ್ದರೆ ಫಿಲ್ಮಿನ ಮುಂದೆ ತೆರೆದು ಮುಚ್ಚುವ ಶಟರ್ ಪರದೆಯ ಮೇಲೆ ಅನುಮಾನ ಪಡಬೇಕು. ಕಿತ್ತಳೆ ಬಣ್ಣವೂ ಸುಮ್ನೆ ಬಂದದ್ದಲ್ಲ. ಕಲರ್ ಫಿಲ್ಮಿನ ಬೆನ್ನಿನ ಕಡೆಯಿಂದ ಬೆಳಕು ಬಿದ್ದರೆ ಅದಕ್ಕೆ ಮೊದಲು ಸಿಗುವುದು ಕೆಂಪನ್ನು ಹಿಡಿಯುವ ಪದರ. ಇನ್ನು ರೋಲ್ ಪೂರ್ತಿ ಖಾಲಿ ಬಂದಿದೆಯಾ? ಅಂಚಿನಲ್ಲಿ ಕಂಪನಿಯ ಹೆಸರು, ನಂಬರು ಚೆನ್ನಾಗಿ ಕಂಡರೆ ತೊಳೆದವರ ತಪ್ಪಲ್ಲ, ಬಹುಶಃ ನಿಮ್ಮ ಫಿಲ್ಮ್ ಒಳಗೆ ಸರಿದೇ ಇಲ್ಲ. ಮುಂದಿನ ಸಲ ಫಿಲ್ಮ್ ಸರಿಸುವ ಲಿವರ್ ಎಳೆಯುವಾಗ ಎಡಗಡೆಯ ರಿವೈಂಡ್ ಗುಂಡಿ ತಿರುಗುತ್ತದಾ ನೋಡಿ.

ನನ್ನ ಟೇಬಲ್ಲಿಗೆ ಬರುವ ಕಿತ್ತಳೆ ಗೆರೆಗಳಲ್ಲಿ ಹೆಚ್ಚಿನವು ಬಾಗಿಲಿನ ಸಂದಿನಲ್ಲಿ ಬೆಳಕು ತಡೆಯಲು ಅಂಟಿಸಿರುವ ಫೋಮ್ ಹಾಳಾಗಿ ಬಂದವು. ಕೆ1000 ಬಂದದ್ದು 1976ರಲ್ಲಿ, ನಿಂತದ್ದು 1997ರಲ್ಲಿ; ಅಷ್ಟು ಹಳೆಯ ಫೋಮ್ ಡಾಂಬರಿನ ಹಾಗೆ ಅಂಟಂಟಾಗಿರುತ್ತದೆ. ಬಾಗಿಲು ತೆಗೆಯುವ ಮೊದಲು ರಿವೈಂಡ್ ಗುಂಡಿಯನ್ನು ಬಾಣದ ಕಡೆಗೆ ಮೆಲ್ಲಗೆ ತಿರುಗಿಸಿ. ಬಿಗಿಯಾದರೆ ಒಳಗೆ ರೋಲ್ ಇದೆ. (ಒಮ್ಮೆ ಇದನ್ನು ಮರೆತು ತೆಗೆದಿದ್ದೆ. ಯಾರದೋ ಮನೆಯ ನಾಮಕರಣದ ರೋಲು. ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.) ಉರಿದು ಮುಗಿದ ಊದುಬತ್ತಿಯ ಕಡ್ಡಿ ಹಳೆಯ ಫೋಮ್ ಕೆರೆದು ತೆಗೆಯಲು ಬಹಳ ಒಳ್ಳೆಯ ಸಾಮಾನು. ತುದಿಯನ್ನು ಬ್ಲೇಡಿನಿಂದ ಚಪ್ಪಟೆ ಮಾಡಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿ, ಸಂದಿನ ಉದ್ದಕ್ಕೂ ಒಂದೇ ದಿಕ್ಕಿಗೆ ಕೆರೆಯುತ್ತಾ ಬನ್ನಿ, ಆ ಕಪ್ಪು ಗಸಿ ಶಟರ್ ಪರದೆಯ ಮೇಲೆ ಒಂದು ಚೂರೂ ಬೀಳದ ಹಾಗೆ ಕ್ಯಾಮೆರಾವನ್ನು ಓರೆ ಹಿಡಿದುಕೊಳ್ಳಿ. ಆಮೇಲೆ ಸಂದಿನಲ್ಲಿ ಕಪ್ಪು ಉಲ್ಲನ್ ದಾರ ಕೂರಿಸಿದರೂ ಸಾಕು. ಕೀಲಿನ ಕಡೆ ಮಾತ್ರ ಅಗಲ ಜಾಸ್ತಿ, ಅಲ್ಲಿಗೆ ತೆಳ್ಳನೆಯ ಫೋಮೇ ಬೇಕು.

ಲೆನ್ಸಿನ ಹಿಂದಿರುವ ಕನ್ನಡಿಯನ್ನು ಒರೆಸಬೇಡಿ. ಮನೆ ಕನ್ನಡಿಗೆ ಲೇಪ ಗಾಜಿನ ಹಿಂದೆ ಇರುತ್ತದೆ, ಇದಕ್ಕೆ ಮುಂದೆ. ಒಂದು ಸಲ ಉಜ್ಜಿದರೆ ಗೀರು ಉಳಿದೇ ಉಳಿಯುತ್ತದೆ. ಅದರ ಮೇಲಿರುವ ಫೋಕಸ್ ಸ್ಕ್ರೀನ್ ಪ್ಲಾಸ್ಟಿಕ್ಕು, ಆಲ್ಕೋಹಾಲ್ ತಾಗಿಸಬೇಡಿ. ಎರಡಕ್ಕೂ ರಬ್ಬರ್ ಬ್ಲೋವರ್ ಸಾಕು. ಧೂಳು ಉಳಿದರೆ ಉಳಿಯಲಿ ಬಿಡಿ, ಅದು ಫೋಟೊದಲ್ಲಿ ಬರುವುದಿಲ್ಲ.

ಬೆಳಕು ಅಳೆಯುವ ಮೀಟರಿನ ಸೂಜಿ ಅಲ್ಲಾಡದಿದ್ದರೆ ಕ್ಯಾಮೆರಾ ಸತ್ತಿದೆ ಅಂತಲ್ಲ. ಈ ಕ್ಯಾಮೆರಾದ ಶಟರ್‌ಗೆ ಬ್ಯಾಟರಿಯೇ ಬೇಡ, ಮೀಟರಿಗೆ ಮಾತ್ರ ಒಂದು ಎಲ್‌ಆರ್44 ಸೆಲ್. ಸೆಲ್ ಸೋರಿ ಹಸಿರು ಕಿಲುಬು ಹಿಡಿದಿದ್ದರೆ ವಿನೆಗರ್ ತಾಗಿಸಿದ ಹತ್ತಿಕಡ್ಡಿಯಿಂದ ಒರೆಸಿ, ಚೆನ್ನಾಗಿ ಒಣಗಿಸಿ.

ಶಟರನ್ನು 1 ಸೆಕೆಂಡಿಗೆ ಇಟ್ಟು ಒತ್ತಿ ಕಿವಿಗೊಡಿ. ಜಿರ್‌ರ್ ಅನ್ನುವ ಸದ್ದು ಒಂದೇ ಸಮ ಬರಬೇಕು. ನಡುವೆ ತಡವರಿಸಿದರೆ ಒಳಗಿನ ಎಣ್ಣೆ ಗಟ್ಟಿಯಾಗಿದೆ. ಆಗ ಮನೆಯಲ್ಲಿರುವ ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವವರಿದ್ದಾರೆ, ದಯವಿಟ್ಟು ಬೇಡ! ಎರಡು ದಿನ ಸರಿಯಾದ ಹಾಗೆ ಕಾಣುತ್ತದೆ, ಆಮೇಲೆ ಆ ಎಣ್ಣೆ ಪರದೆವರೆಗೂ ಹರಿದು ನನ್ನ ಕೆಲಸ ಮೂರು ಪಟ್ಟು ಮಾಡುತ್ತದೆ. ಇಲ್ಲಿಂದ ಮುಂದೆ ರಿಪೇರಿಯವರ ಕೈಗೆ ಕೊಡಿ. ನೀವೇ ಬಿಚ್ಚುತ್ತೀರಾದರೆ ಜಪಾನಿನ ಸ್ಕ್ರೂಗಳಿಗೆ ಜೆಐಎಸ್ (ಜಪಾನಿನ ಅಳತೆಯ) ತುದಿಯ ಸ್ಕ್ರೂಡ್ರೈವರ್ ತನ್ನಿ, ಮಾಮೂಲಿ ಫಿಲಿಪ್ಸ್ ಜಾರಿ ತಲೆ ಸವೆಸುತ್ತದೆ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಕಾಣುವುದು ಬೂಷ್ಟು, ಅದನ್ನು ಸಾಕುವುದು ನಿಮ್ಮ ಚೆಂದದ ಚರ್ಮದ ಕೇಸು. ಮಳೆಗಾಲದಲ್ಲಿ ಕೇಸನ್ನು ಬೇರೆ ಇಡಿ. ಕ್ಯಾಮೆರಾ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇರಲಿ, ಅಕ್ಕಿ ಡಬ್ಬದಲ್ಲಿ ಬೇಡ, ಅಕ್ಕಿಯ ಹುಡಿ ಲೆನ್ಸಿನ ಸಂದಿಗೆಲ್ಲ ಸೇರುತ್ತದೆ. ಲೆನ್ಸಿನ ಮುಚ್ಚಳ ಹಾಕಿಯೇ ಇಡಿ. ಕೆ1000ರ ಮೀಟರಿಗೆ ಸ್ವಿಚ್ ಇಲ್ಲ, ಅದನ್ನು ಆರಿಸುವುದು ಆ ಮುಚ್ಚಳವೇ.