ಬೆಲೆ, ಬೆಳೆ, ಬೇಳೆ: ಪಾಠ ಮೊದಲು ಕಿವಿಗೆ

ತೋರಣಗಲ್ಲಿನ ಉಕ್ಕಿನ ಕೆಲಸಕ್ಕೋ ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೋ ಉತ್ತರ ಭಾರತದಿಂದ ಬಂದವರು ಕಿರಾಣಿ ಅಂಗಡಿಯಲ್ಲಿ ‘ಬೇಲೇ ಬೇಲೇ ಎಷ್ಟು’ ಎಂದು ಕೇಳುವುದುಂಟು. ಬೇಳೆಯ ಬೆಲೆ ಕೇಳುತ್ತಿದ್ದಾರೆಂದು ಅಂಗಡಿಯವರೇ ಊಹಿಸಬೇಕು. ಬೆಲೆ, ಬೆಳೆ, ಬೇಳೆ ಮೂರೂ ಅವರ ಬಾಯಲ್ಲಿ ಒಂದೇ. ಅವರ ಐದು ವರ್ಷದ ಮಗು ಮಾತ್ರ ಓಣಿಯ ಮಕ್ಕಳ ಜೊತೆ ಆಡಾಡುತ್ತಲೇ ಮೂರನ್ನೂ ಬಿಡಿಬಿಡಿಯಾಗಿ ಅನ್ನಲು ಕಲಿಯುತ್ತದೆ. ‘ವಯಸ್ಸಾದ ಮೇಲೆ ನಾಲಿಗೆ ಹೊರಳೋದಿಲ್ರೀ’ ಎಂದು ದೊಡ್ಡವರು ಕೈಬಿಡುತ್ತಾರೆ. ಆದರೆ ಹಿಂದಿಯ ಟ, ಡ ಹೇಳಲು ಅದೇ ನಾಲಿಗೆ ದಿನವಿಡೀ ಮೇಲಕ್ಕೆ ಮಡಚುತ್ತಿರುತ್ತದೆ. ತೊಡಕಿರುವುದು ಕಿವಿಯಲ್ಲಿ.

ಕಿವಿ ತಾಯ್ನುಡಿಗೆ ಒಗ್ಗಿಕೊಳ್ಳುವುದು ಬಲು ಬೇಗ. 1984ರಲ್ಲಿ ಮನಶ್ಶಾಸ್ತ್ರಜ್ಞರಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್, ಕೆನಡಾದ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತ ಮತ್ತು ಟ ಕೇಳಿಸಿ ನೋಡಿದರು. 6–8 ತಿಂಗಳ ಕೂಸುಗಳಲ್ಲಿ ಬಹುಪಾಲು ಭೇದ ಹಿಡಿದವು. 10–12 ತಿಂಗಳಿನವುಗಳಲ್ಲಿ ಕೆಲವು ಮಾತ್ರ. ಹಾಗೆಂದು ಅಲ್ಲಿಗೇ ಬಾಗಿಲು ಮುಚ್ಚಿತೆಂದಲ್ಲ. 2ರಿಂದ 23ನೇ ವಯಸ್ಸಿನೊಳಗೆ ಕೆನಡಾಕ್ಕೆ ಬಂದು ನೆಲೆಸಿದ 240 ಇಟಾಲಿಯನ್ನರ ಇಂಗ್ಲಿಷನ್ನು 1995ರ ಅಧ್ಯಯನವೊಂದು ಅಳೆದಿತ್ತು. ಬಂದಾಗಿನ ವಯಸ್ಸು ಏರಿದಂತೆ ತಾಯ್ನುಡಿಯ ಛಾಯೆಯೂ ಇಷ್ಟಿಷ್ಟೇ ಏರಿತ್ತು. ‘ಹನ್ನೆರಡನೇ ವಯಸ್ಸಿಗೆ ಕಲಿಕೆ ಮುಗಿಯಿತು’ ಎಂದು ಗೆರೆ ಎಳೆಯುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ದೊಡ್ಡವರ ಕಿವಿ ಹೊಸ ದನಿಯನ್ನು ಹತ್ತಿರದ ಹಳೆ ದನಿಯ ಲೆಕ್ಕಕ್ಕೆ ಸೇರಿಸಿಬಿಡುತ್ತದೆ. ಹಿಂದಿಯಲ್ಲಿ ಳ ಇಲ್ಲ, ಎ–ಏ ಎಂಬ ಜೋಡಿಯೂ ಇಲ್ಲ. ಹಾಗಾಗಿ ಳ ಹೋಗಿ ಲ ಆಗುತ್ತದೆ, ಎ ಹೋಗಿ ಏ ಆಗುತ್ತದೆ. ಸಿಂಧನೂರಿನ ನಿರಾಶ್ರಿತರ ಕ್ಯಾಂಪುಗಳ ಹಿರಿಯರು ಆಡುವ ಬಂಗಾಳಿಯಲ್ಲೂ ಇವೆರಡು ಇಲ್ಲ. ಮರಾಠಿಯಲ್ಲಿ ಳ ಉಂಟು, ಹ್ರಸ್ವ ಎ ಇಲ್ಲ. ತೆಲುಗಿನಲ್ಲಿ ಎರಡೂ ಇವೆ. ಆಂಧ್ರದಿಂದ ಗಂಗಾವತಿ ಕಡೆಗೆ ಗದ್ದೆ ಮಾಡಲು ಬಂದವರು ಯಾವ ವಯಸ್ಸಿನಲ್ಲಿ ಬಂದಿದ್ದರೂ ಬೇಳೆ ಅವರಿಗೆ ಬೇಳೆಯೇ. ವಯಸ್ಸು ಕೇಳುವ ಮೊದಲು ಮನೆಮಾತು ಯಾವುದೆಂದು ಕೇಳಬೇಕು ಅನ್ನುವುದು ಇದಕ್ಕೇ.

ಆದ್ದರಿಂದ ಕನ್ನಡ ಕಲಿಸುವಾಗ ಮೊದಲ ಮೂರು ವಾರ ಬಾಯಿಗೆ ಕೆಲಸ ಬೇಡ. ಬೆಲೆ–ಬೆಳೆ, ಹುಲಿ–ಹುಳಿ, ಕಾಲು–ಕಾಳು, ಬಲೆ–ಬಳೆ, ಹಲ್ಲಿ–ಹಳ್ಳಿ, ಬೆಳೆ–ಬೇಳೆ, ಕೊಡು–ಕೋಡು, ಇಂಥ ಹತ್ತು ಜೋಡಿ ಸಾಕು. ಐದು ಜನರಿಂದ ಫೋನಿನಲ್ಲಿ ರೆಕಾರ್ಡ್ ಮಾಡಿಸಿ: ಹೆಂಗಸರು, ಗಂಡಸರು, ಒಬ್ಬ ಹುಡುಗ, ಒಬ್ಬ ಮುದುಕರು. ಒಂದೇ ದನಿ ಕೇಳಿಸಿದರೆ ಕಲಿಯುವವರಿಗೆ ಆ ಒಬ್ಬರ ಮಾತಷ್ಟೇ ಪರಿಚಯವಾಗುತ್ತದೆ, ಸಂತೆಯಲ್ಲಿ ಮತ್ತೆ ತಪ್ಪುತ್ತದೆ. ಅಕ್ಷರ ತೋರಿಸಬೇಡಿ. ಕಾಲಿನ ಚಿತ್ರ, ಕಾಳಿನ ಚಿತ್ರ ಇಟ್ಟು ಕೇಳಿದ್ದನ್ನು ಮುಟ್ಟಿಸಿ, ಸರಿಯೋ ತಪ್ಪೋ ಆ ಕ್ಷಣವೇ ಹೇಳಿ. ದಿನಕ್ಕೆ 15 ನಿಮಿಷ. ಹತ್ತಕ್ಕೆ ಒಂಬತ್ತು ಸರಿಯಾಗುವವರೆಗೆ ಮುಂದಕ್ಕೆ ಹೋಗಬೇಡಿ. ಇಂಗ್ಲಿಷಿನ ರ–ಲ ಭೇದ ಕೇಳಿಸದ ಜಪಾನಿಯರಿಗೆ ಹಲವು ದನಿಗಳಲ್ಲಿ ಹೀಗೆ ಬರೀ ಕೇಳಿಸಿದ್ದಕ್ಕೇ ಅವರ ಉಚ್ಚಾರಣೆಯೂ ಸುಧಾರಿಸಿದ್ದನ್ನು 1997ರ ಪ್ರಯೋಗ ತೋರಿಸಿದೆ.

ಆಮೇಲೆ ಳ. ‘ನಾಲಿಗೆ ಮಡಚಿ’ ಎಂದಷ್ಟೇ ಹೇಳಿದರೆ ಗಂಟಲು ಬಿಗಿಯುತ್ತದೆ. ಅವರಿಗೆ ಗೊತ್ತಿರುವ ಡ ಹಿಡಿಯಿರಿ. ‘ಅಡ್’ ಎಂದು ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿ ಅಲ್ಲೇ ನಿಲ್ಲಿಸಲಿ. ತುದಿ ಬಿಡದೆ, ನಾಲಿಗೆಯ ಎರಡೂ ಅಂಚು ಸಡಿಲಿಸಿ ಪಕ್ಕದಿಂದ ದನಿ ಹರಿಸಿದರೆ ಳ್ ತಾನಾಗಿ ಬರುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ತುದಿಯನ್ನು ಥಟ್ಟನೆ ಕೆಳಗೆ ಬಡಿಯುವುದು. ಹಿಂದಿಯ ‘ಪೇಡ್’, ‘ಸಡಕ್’ ಪದಗಳ ಡ ಹಾಗೇ ಹುಟ್ಟುವುದರಿಂದ ಬೇಳೆ ‘ಬೇಡೆ’ಯಾಗುತ್ತದೆ. ಅದಕ್ಕೇ ಒಂಟಿ ಳ ಬಿಟ್ಟು ಒತ್ತಕ್ಷರದಿಂದ ಆರಂಭಿಸಬೇಕು: ಬಳ್ಳಾರಿ, ಹಳ್ಳಿ, ಬೆಳ್ಳಿ, ಉಳ್ಳಾಗಡ್ಡಿ. ಳ್ಳದಲ್ಲಿ ನಾಲಿಗೆ ಮೇಲೆ ನಿಲ್ಲಲೇಬೇಕು, ಬಡಿಯಲು ಆಸ್ಪದವಿಲ್ಲ. ವಾರದ ನಂತರ ಕಾಳು, ಬಳೆ. ಪದದ ಮೊದಲಿಗೆ ಳ ಕನ್ನಡದಲ್ಲಿ ಬರುವುದಿಲ್ಲ, ಆ ಅಭ್ಯಾಸ ದಂಡ.

ಎ–ಏಗೆ ಮೇಜು ತಟ್ಟಿದರಾಯಿತು. ಹ್ರಸ್ವಕ್ಕೆ ಒಂದು ತಟ್ಟು, ದೀರ್ಘಕ್ಕೆ ಎರಡು. ಕೊನೆಯ ಸ್ವರವನ್ನೂ ಗಮನಿಸಿ: ಮೊದಲ ಎ ತಿದ್ದಿಕೊಂಡವರು ‘ಬೆಳೇ’ ಎಂದು ಕೊನೆಯಲ್ಲಿ ಎಳೆದು ಕೆಡಿಸುತ್ತಾರೆ.

ನಲವತ್ತರಲ್ಲಿ ಆರಂಭಿಸಿದವರ ಮಾತಿನ ಧಾಟಿಯಲ್ಲಿ ಭೋಜಪುರಿಯೋ ಬಂಗಾಳಿಯೋ ಉಳಿದರೆ ಉಳಿಯಲಿ, ಅದನ್ನು ತೊಳೆಯಲು ಹೊರಡುವುದು ಅನ್ಯಾಯ. ಪದಕ್ಕೆ ಪದ ಬೇರೆಯಾಗಿ ಕೇಳಿಸಬೇಕು, ಅಷ್ಟೇ. ಪರೀಕ್ಷೆ ಮಾಡಲು ಮನೆಯವರನ್ನೋ ಕಲಿಸಿದವರನ್ನೋ ನಂಬಬೇಡಿ, ಅವರ ಕಿವಿ ಆ ತಪ್ಪಿಗೆ ಒಗ್ಗಿರುತ್ತದೆ. ಇಪ್ಪತ್ತು ಪದ ಹೇಳಿಸಿ ರೆಕಾರ್ಡ್ ಮಾಡಿ, ಪರಿಚಯವಿಲ್ಲದ ಕನ್ನಡಿಗರೊಬ್ಬರಿಗೆ ಕೇಳಿಸಿ ಬರೆಸಿ. ಅವರು ತಪ್ಪಾಗಿ ಬರೆದುಕೊಂಡ ಪದಗಳೇ ಮುಂದಿನ ವಾರದ ಪಾಠ.