ಸ್ಕ್ಯಾನಿಂಗ್‌ಗೂ ಮೊದಲು ಮಂಡಿಯನ್ನು ಮುಟ್ಟಿ ನೋಡಬೇಕು

ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ, ಎಲುಬು-ಕೀಲು ವಿಭಾಗದ ಹೊರಗೆ ಸರದಿಯಲ್ಲಿ ಕುಳಿತವರ ಕೈಯಲ್ಲಿ ಒಂದು ದೊಡ್ಡ ಕವರ್ ಇರುತ್ತದೆ. ಒಳಗೆ ಎಂಆರ್‌ಐ ಫಿಲ್ಮು, ಜತೆಗೆ ವರದಿ. "ಡಾಕ್ಟ್ರೇ, ಮೆನಿಸ್ಕಸ್ ಹರಿದಿದೆಯಂತೆ, ಆಪರೇಶನ್ ಆಗ್ಬೇಕಾ?" ಎಂದೇ ಮಾತು ಶುರುವಾಗುತ್ತದೆ. ನೋವು ಎಲ್ಲಿ, ಯಾವಾಗಿನಿಂದ, ಮೆಟ್ಟಿಲು ಹತ್ತುವಾಗಲೋ ಇಳಿಯುವಾಗಲೋ ಎಂಬುದು ಇನ್ನೂ ಬಾಯಿಗೆ ಬಂದಿರುವುದಿಲ್ಲ. ಎಷ್ಟೋ ಸಲ ಆ ಮಂಡಿಯನ್ನು ಅದುವರೆಗೆ ಯಾರೂ ಸರಿಯಾಗಿ ಮುಟ್ಟಿಯೂ ಇರುವುದಿಲ್ಲ. ನನಗೆ ಇದು ನಿಜಕ್ಕೂ ಬೇಸರದ ಸಂಗತಿ. ಸ್ಕ್ಯಾನಿಂಗ್ ಮಂಡಿಯ ಒಳಗೆ ಏನಿದೆ ಎಂಬುದನ್ನು ತೋರಿಸುತ್ತದೆ. ಅದರಲ್ಲಿ ಯಾವುದು ನೋಯುತ್ತಿದೆ ಎಂಬುದನ್ನು ಹೇಳಲು ಮಾತ್ರ ಕಣ್ಣು, ಕಿವಿ ಮತ್ತು ಕೈ ಬೇಕು.

ಮಂಡಿಯ ರಚನೆ ಗೊತ್ತಿದ್ದರೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಅಂಗರಚನೆ ಮತ್ತು ರೋಗಶಾಸ್ತ್ರ ಮ್ಯೂಸಿಯಂ ಸಾರ್ವಜನಿಕರಿಗೂ ತೆರೆದಿದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಆನೆಯ ಅಸ್ಥಿಪಂಜರದ ಎದುರು ಹೆಚ್ಚು ಹೊತ್ತು ನಿಲ್ಲುತ್ತಾರೆ. ಮುಂದಿನ ಸಲ ಹೋದಾಗ ಮನುಷ್ಯನ ಅಸ್ಥಿಪಂಜರದ ಮಂಡಿಯನ್ನೂ ಒಮ್ಮೆ ಗಮನಿಸಿ. ತೊಡೆಮೂಳೆಯ ಕೆಳತುದಿಯಲ್ಲಿ ಎರಡು ಉರುಟು ಗುಬ್ಬಿಗಳಿವೆ. ಅವುಗಳ ಕೆಳಗೆ ಬರುವ ಕಣಕಾಲಿನ ಮೂಳೆಯ ಮೇಲ್ಭಾಗ ಹೆಚ್ಚುಕಡಿಮೆ ಚಪ್ಪಟೆ. ಮಣೆಯ ಮೇಲೆ ಎರಡು ತೆಂಗಿನಕಾಯಿ ಇಟ್ಟಂತಿರುವ ಈ ಜೋಡಣೆ, ಬರೀ ಮೂಳೆಗಳ ಬಲದಲ್ಲಿ ಒಂದು ಹೆಜ್ಜೆಯನ್ನೂ ತಾಳಲಾರದು. ಸೊಂಟದ ಕೀಲಿನಲ್ಲಾದರೆ ತೊಡೆಮೂಳೆಯ ಗುಂಡು ಆಳವಾದ ಗುಳಿಯೊಳಗೆ ಕೂರುತ್ತದೆ. ಮಂಡಿಗೆ ಆ ಭಾಗ್ಯವಿಲ್ಲ. ಅದರ ಭದ್ರತೆಯೆಲ್ಲ ಮೂಳೆಗಳ ಸುತ್ತ ಇರುವ ಮೆತ್ತನೆಯ ಅಂಗಾಂಶಗಳದ್ದು.

ಎರಡು ಮೂಳೆಗಳ ನಡುವೆ ಅರ್ಧಚಂದ್ರದ ಆಕಾರದ, ಮೆನಿಸ್ಕಸ್ ಎಂಬ ಎರಡು ಮೆತ್ತೆಗಳಿವೆ. ಅವುಗಳ ಹೊರ ಅಂಚು ದಪ್ಪ, ಒಳ ಅಂಚು ತೆಳು. ಉರುಟಿಗೂ ಚಪ್ಪಟೆಗೂ ಹೊಂದಾಣಿಕೆ ಮಾಡಿ ಭಾರವನ್ನು ಹಂಚುವುದು ಅವುಗಳ ಕೆಲಸ. ದೊಡ್ಡವರಲ್ಲಿ ರಕ್ತ ತಲುಪುವುದು ಹೊರ ಅಂಚಿಗೆ ಮಾತ್ರ. ಆದ್ದರಿಂದ ಅಲ್ಲಿ ಹರಿದದ್ದು ಕೂಡಿಕೊಳ್ಳಬಹುದು, ಒಳ ಅಂಚಿನದು ಕೂಡುವುದು ಕಷ್ಟ. ಮಧ್ಯದಲ್ಲಿ ಎಸಿಎಲ್, ಪಿಸಿಎಲ್ ಎಂಬ ಎರಡು ಲಿಗಮೆಂಟ್‌ಗಳು (ಮೂಳೆಗೆ ಮೂಳೆಯನ್ನು ಕಟ್ಟುವ ಗಟ್ಟಿ ಪಟ್ಟಿಗಳು) ಒಂದಕ್ಕೊಂದು ಅಡ್ಡ ಹಾದು ಹೋಗುತ್ತವೆ. ಕಣಕಾಲು ಮುಂದಕ್ಕೆ ಜಾರದಂತೆ ಎಸಿಎಲ್ ಹಿಡಿಯುತ್ತದೆ, ಹಿಂದಕ್ಕೆ ಜಾರದಂತೆ ಪಿಸಿಎಲ್. ಎರಡು ಪಕ್ಕಗಳಲ್ಲೂ ಒಂದೊಂದು ಲಿಗಮೆಂಟ್. ಮುಂದುಗಡೆ ತೊಡೆಯ ನಾಲ್ಕು ಸ್ನಾಯುಗಳು ಸೇರಿ ಒಂದಾಗಿ ಮಂಡಿಚಿಪ್ಪನ್ನು ಹಿಡಿದು ಕೆಳಗಿಳಿಯುತ್ತವೆ. ಹುಟ್ಟಿದ ಮಗುವಿನಲ್ಲಿ ಈ ಚಿಪ್ಪು ಇನ್ನೂ ಮೃದ್ವಸ್ಥಿ. ಅದು ಮೂಳೆಯಾಗಲು ತೊಡಗುವುದು ಸುಮಾರು 3ರಿಂದ 6 ವರ್ಷದ ನಡುವೆ.

ಮೂಳೆಗಳ ತುದಿಯನ್ನು ಮುಚ್ಚಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಗಂಟಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗುತ್ತದೆ. ನರವಿಲ್ಲದ ಮೇಲೆ ಅದು ಸವೆಯುವಾಗ ನೋವಾಗುವುದೂ ಇಲ್ಲ. "ಗಂಟು ಸವೆದಿದೆ, ಅದಕ್ಕೇ ನೋವು" ಎನ್ನುವುದು ಅರ್ಧ ನಿಜ ಮಾತ್ರ. ನೋಯುವುದು ಅದರ ಕೆಳಗಿನ ಮೂಳೆ, ಗಂಟಿನ ಒಳಪದರ, ಸುತ್ತಲಿನ ಸ್ನಾಯು ಮತ್ತು ರಜ್ಜುಗಳು. ಎಕ್ಸ್‌ರೇಯಲ್ಲಿ ಸಾಕಷ್ಟು ಸವೆತ ಕಾಣುವ ಅಜ್ಜಿ ದಿನಾ ದೇವಸ್ಥಾನಕ್ಕೆ ನಡೆದು ಹೋಗಿ ಬರುತ್ತಾರೆ, ಸವೆತವೇ ಕಾಣದ ನಲವತ್ತರ ಮಗಳಿಗೆ ಮೆಟ್ಟಿಲು ಇಳಿಯಲಾಗುವುದಿಲ್ಲ. ಅದಕ್ಕೆ ಕಾರಣ ಇಲ್ಲಿದೆ.

ಮೆಟ್ಟಿಲಿನ ಲೆಕ್ಕ ಬೇರೆಯೇ ಇದೆ. ಸಮತಟ್ಟಾದ ನೆಲದಲ್ಲಿ ನಡೆಯುವಾಗ ಮಂಡಿಚಿಪ್ಪಿನ ಹಿಂದೆ ಬೀಳುವ ಒತ್ತಡ ದೇಹದ ತೂಕದ ಅರ್ಧದಷ್ಟು. ಮೆಟ್ಟಿಲಲ್ಲಿ ಅದು ಮೂರು ಪಟ್ಟು ದಾಟುತ್ತದೆ, ಮಂಡಿಯನ್ನು ಪೂರ್ತಿ ಮಡಚಿ ಕುಕ್ಕರಗಾಲಲ್ಲಿ ಕೂತು ಎದ್ದರೆ ಏಳು ಪಟ್ಟಿಗೂ ಹೆಚ್ಚು. ಶರೀರದಲ್ಲೇ ಅತಿ ದಪ್ಪನೆಯ ಮೃದ್ವಸ್ಥಿ ಈ ಚಿಪ್ಪಿನ ಹಿಂಬದಿಗೆ ಇರುವುದು ಸುಮ್ಮನೆ ಅಲ್ಲ. ನಮ್ಮ ಕರಾವಳಿಯ ಬದುಕೋ, ಮಂಡಿ ಮಡಚುವ ಬದುಕು. ಮಲ್ಪೆಯಲ್ಲಿ ಮೀನು ವಿಂಗಡಿಸುವ ಹೆಂಗಸರು, ಅಂಗಳದಲ್ಲಿ ಕೂತು ಅಡಿಕೆ ಸುಲಿಯುವವರು, ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಗಂಟೆಗಟ್ಟಲೆ ಬೀಡಿ ಕಟ್ಟುವವರು, ಎಲ್ಲರೂ ನೆಲಕ್ಕೆ ಹತ್ತಿರ ಕೂತೇ ದುಡಿಯುವವರು. ಬೀಡಿ ಕಟ್ಟುವವರಿಗೆ ಮಂಡಿಯ ಜತೆ ಕುತ್ತಿಗೆ ಮತ್ತು ಹೆಬ್ಬೆರಳಿನ ಬುಡದ ನೋವೂ ಇರುತ್ತದೆ. ಅದರ ಬಗ್ಗೆಯೇ ಬೇರೆ ಲೇಖನ ಬರೆಯಬೇಕು.

ಪರೀಕ್ಷೆ ಶುರುವಾಗುವುದು ಮಾತಿನಿಂದ. ಕಬಡ್ಡಿಯಲ್ಲಿ ತಿರುಗುವಾಗ ಮಂಡಿಯೊಳಗೆ 'ಟಕ್' ಎಂದು ಕೇಳಿಸಿತು, ಎರಡು ಗಂಟೆಯೊಳಗೆ ಮಂಡಿ ಊದಿ ದಪ್ಪವಾಯಿತು ಎಂದು ಹುಡುಗ ಹೇಳಿದರೆ, ಅವನು ಮಂಚ ಹತ್ತುವ ಮೊದಲೇ ಎಸಿಎಲ್ ಮೇಲೆ ಅನುಮಾನ ಬರುತ್ತದೆ. ಆ ಲಿಗಮೆಂಟಿಗೆ ರಕ್ತನಾಳಗಳಿವೆ. ಹರಿದ ಕೂಡಲೇ ಗಂಟಿನೊಳಗೆ ರಕ್ತ ತುಂಬುತ್ತದೆ. ಊತ ಮರುದಿನ ಬೆಳಿಗ್ಗೆ ನಿಧಾನಕ್ಕೆ ಬಂದಿದ್ದರೆ ಮೆನಿಸ್ಕಸ್ ಆಗಿರುವ ಸಾಧ್ಯತೆ ಹೆಚ್ಚು. ಮಂಡಿ ಅರ್ಧದಲ್ಲಿ ಸಿಕ್ಕಿಹಾಕಿಕೊಂಡು ನೇರವಾಗಲೊಲ್ಲದು ಎಂದರೆ ಹರಿದ ಚೂರು ಮಧ್ಯೆ ಅಡ್ಡ ಬಂದಿರಬಹುದು. ಊತ ಎಷ್ಟು ಹೊತ್ತಿಗೆ ಬಂತು ಎಂಬ ಒಂದೇ ಪ್ರಶ್ನೆಯಿಂದ ಇಷ್ಟು ತಿಳಿಯುತ್ತದೆ.

ಆಮೇಲೆ ನೋಡು, ಮುಟ್ಟು, ಆಡಿಸು. ಬ್ರಿಟನ್ನಿನ ಶಸ್ತ್ರಚಿಕಿತ್ಸಕ ಅಲನ್ ಗ್ರಹಾಂ ಆಪ್ಲೆ ಕಲಿಸಿದ ಈ ಕ್ರಮವನ್ನು ಇಂದಿಗೂ ವೈದ್ಯ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ನೋಡುವುದೆಂದರೆ ಎರಡೂ ಕಾಲುಗಳನ್ನು, ತೊಡೆಯವರೆಗೆ, ನಿಲ್ಲಿಸಿ, ನಡೆಸಿ ನೋಡುವುದು. ಪ್ಯಾಂಟನ್ನು ಮಂಡಿವರೆಗೆ ಸುತ್ತಿ ನೋಡಿದರೆ ಅದು ಪರೀಕ್ಷೆಯಾಗುವುದಿಲ್ಲ, ತೊಡೆಯ ಸ್ನಾಯು ಸೊರಗಿದೆಯೇ ಎಂಬುದು ಆಗ ಕಾಣುವುದೇ ಇಲ್ಲ.

ಮುಟ್ಟುವುದರ ಬೆಲೆ ತಿಳಿಯಲು ಬಡಗುತಿಟ್ಟಿನ ಯಕ್ಷಗಾನ ಕಲಾವಿದನ ಮಂಡಿಯೇ ಒಳ್ಳೆಯ ಉದಾಹರಣೆ. ರಂಗಸ್ಥಳದಲ್ಲಿ ಎರಡೂ ಮಂಡಿ ಊರಿ ಗಿರಗಿರನೆ ಸುತ್ತು ಹಾಕುವಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಆ ಪೆಟ್ಟೆಲ್ಲ ಚಿಪ್ಪಿನ ಮುಂಭಾಗಕ್ಕೆ. ಚರ್ಮಕ್ಕೂ ಚಿಪ್ಪಿಗೂ ನಡುವೆ ತಿಕ್ಕಾಟ ತಗ್ಗಿಸುವ ತೆಳುವಾದ ಚೀಲವೊಂದಿದೆ. ಅದು ಕೆರಳಿದರೆ ಅಲ್ಲಿ ನೀರು ತುಂಬುತ್ತದೆ. ಗಂಟಿನ ಒಳಗೂ ನೀರು ತುಂಬಬಹುದು. ಹೊರಗಿನಿಂದ ನೋಡುವವರಿಗೆ ಎರಡೂ 'ಮಂಡಿ ಬಾತಿದೆ' ಅಷ್ಟೆ, ಕೈಗೆ ಮಾತ್ರ ವ್ಯತ್ಯಾಸ ಸ್ಪಷ್ಟ. ಚೀಲದ ಊತ ಚಿಪ್ಪಿನ ಮೇಲೆಯೇ ಕೂತಿರುತ್ತದೆ, ಒತ್ತಿದರೆ ಚಿಪ್ಪಿನ ಅಂಚು ಸಿಗದಂತೆ ಮುಚ್ಚಿಬಿಡುತ್ತದೆ, ಆದರೆ ಕಾಲು ನೀಟಾಗಿ ನೇರವಾಗುತ್ತದೆ. ಗಂಟಿನೊಳಗಿನ ನೀರು ಚಿಪ್ಪಿನ ಮೇಲ್ಬದಿ ಮತ್ತು ಎರಡೂ ಪಕ್ಕಗಳಲ್ಲಿ ತುಂಬಿಕೊಳ್ಳುತ್ತದೆ. ಒಳಬದಿಯಿಂದ ಅಂಗೈಯಲ್ಲಿ ಮೇಲಕ್ಕೆ ಸವರಿ, ಹೊರಬದಿಯಿಂದ ಕೆಳಕ್ಕೆ ಸವರಿದರೆ ಒಳಬದಿಯ ಗುಳಿಯಲ್ಲಿ ನೀರು ಮತ್ತೆ ಉಬ್ಬಿ ಬರುವುದು ಕಣ್ಣಿಗೇ ಕಾಣುತ್ತದೆ. ಕೆಲವು ಮಿಲಿಲೀಟರ್ ನೀರೂ ಈ ಸವರುವಿಕೆಗೆ ಸಿಕ್ಕಿಬೀಳುತ್ತದೆ. ಚೀಲದ ಊತಕ್ಕೆ ಬೇಕಾದದ್ದು ವಿಶ್ರಾಂತಿ ಮತ್ತು ಮಂಡಿಗೆ ಮೆತ್ತೆ, ಗಂಟಿನೊಳಗಿನ ನೀರಿಗೆ ಕಾರಣ ಹುಡುಕಬೇಕು. ಎರಡರ ದಾರಿಯೇ ಬೇರೆ.

ಆಡಿಸುವ ಪರೀಕ್ಷೆಗಳಲ್ಲಿ ನನಗೆ ಬಹಳ ಮೆಚ್ಚಿಗೆಯಾದದ್ದು, ಎಸಿಎಲ್ ಹರಿದಿದೆಯೇ ಎಂದು ನೋಡುವ ಲ್ಯಾಕ್‌ಮನ್ ಪರೀಕ್ಷೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜಾನ್ ಲ್ಯಾಕ್‌ಮನ್ ಬಳಸುತ್ತಿದ್ದ ಈ ವಿಧಾನವನ್ನು 1976ರಲ್ಲಿ ಜೋಸೆಫ್ ಟೋರ್ಗ್ ಮತ್ತು ಸಂಗಡಿಗರು ಬರೆದು ಪ್ರಕಟಿಸಿದರು. ಅದಕ್ಕೂ ಮೊದಲು ಮಂಡಿಯನ್ನು 90 ಡಿಗ್ರಿ ಮಡಚಿ ಕಣಕಾಲನ್ನು ಮುಂದಕ್ಕೆ ಎಳೆದು ನೋಡುವುದೇ ರೂಢಿ. ಆ ಭಂಗಿಯಲ್ಲಿ ನೋವಿಗೆ ಹೆದರಿದ ರೋಗಿಯ ತೊಡೆಯ ಹಿಂಬದಿ ಸ್ನಾಯು ಬಿಗಿದುಕೊಂಡು ಕಣಕಾಲನ್ನು ಹಿಂದಕ್ಕೇ ಎಳೆದು ಹಿಡಿಯುತ್ತದೆ, ಹರಿದ ಲಿಗಮೆಂಟೂ ಸರಿಯಿದ್ದಂತೆ ತೋರುತ್ತದೆ. ಲ್ಯಾಕ್‌ಮನ್ ಪರೀಕ್ಷೆಯಲ್ಲಿ ಮಂಡಿ ಮಡಚುವುದು 20–30 ಡಿಗ್ರಿ ಮಾತ್ರ. ಒಂದು ಕೈ ತೊಡೆಯನ್ನು ಹಿಡಿದಿರುತ್ತದೆ, ಇನ್ನೊಂದು ಕೈ ಕಣಕಾಲನ್ನು ಮೆಲ್ಲಗೆ ಮುಂದಕ್ಕೆ ಎಳೆಯುತ್ತದೆ. ಗಟ್ಟಿ ಲಿಗಮೆಂಟ್ ಇದ್ದರೆ ಮೂಳೆ ತುಸು ಸರಿದು ಟಪ್ಪನೆ ನಿಲ್ಲುತ್ತದೆ. ಹರಿದಿದ್ದರೆ ಆ ನಿಲುಗಡೆಯೇ ಸಿಗುವುದಿಲ್ಲ. ಮೊದಲು ಸರಿಯಿರುವ ಕಾಲನ್ನು ಹಿಡಿಯಬೇಕು: ಹುಟ್ಟಾ ಸಡಿಲ ಕೀಲುಗಳವರಿಗೆ ಎರಡೂ ಮಂಡಿ ಹೆಚ್ಚು ಜಾರುತ್ತವೆ, ಹೋಲಿಸಿದಾಗಲೇ ಸತ್ಯ ತಿಳಿಯುವುದು.

ಇನ್ನೊಂದು ಮಾತನ್ನು ತಂದೆತಾಯಿಗಳಿಗೆ ಒತ್ತಿ ಹೇಳಬೇಕು. ಮಗು ಮಂಡಿ ನೋವು ಎಂದು ಕುಂಟಿದರೆ ಸೊಂಟದ ಕೀಲನ್ನೂ ಪರೀಕ್ಷಿಸಲೇಬೇಕು. ಎರಡೂ ಕೀಲುಗಳಿಗೆ ಕವಲೊಡೆಯುವ ನರಗಳು ಒಂದೇ. ಹಾಗಾಗಿ ಸೊಂಟದ ಕೀಲು ಕೆಟ್ಟಾಗ ಮೆದುಳಿಗೆ ನೋವು ಮಂಡಿಯದ್ದೆಂದೇ ತೋರುತ್ತದೆ. ಹದಿಹರೆಯದಲ್ಲಿ, ಅದರಲ್ಲೂ ತೂಕ ಹೆಚ್ಚಿರುವ ಮಕ್ಕಳಲ್ಲಿ, ತೊಡೆಮೂಳೆಯ ಗುಂಡು ಅದರ ಕುತ್ತಿಗೆಯಿಂದ ಜಾರುವ ಕಾಯಿಲೆಯೊಂದಿದೆ. ಮಂಡಿಯ ಎಕ್ಸ್‌ರೇ ಸರಿಯಿದೆ ಎಂದು ಮನೆಗೆ ಕಳಿಸಿದರೆ ಅದು ಇನ್ನಷ್ಟು ಜಾರುತ್ತದೆ. ಮಗುವನ್ನು ಅಂಗಾತ ಮಲಗಿಸಿ, ತೊಡೆ ಮಡಚಿ ಕಾಲನ್ನು ಒಳಕ್ಕೆ ತಿರುಗಿಸಿ ನೋಡಲು ಅರ್ಧ ನಿಮಿಷ ಸಾಕು. ಒಳಮುಖದ ತಿರುವು ಕಡಿಮೆಯಾಗಿದ್ದರೆ ಎಕ್ಸ್‌ರೇ ಬೇಕಾದದ್ದು ಸೊಂಟಕ್ಕೆ.

ಹಾಗಾದರೆ ಎಂಆರ್‌ಐ ಬೇಡವೇ? ಬೇಕು, ಕೈಗೆ ಒಂದು ಅನುಮಾನ ಬಂದ ಮೇಲೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 50ರಿಂದ 90 ವರ್ಷದ 991 ಜನರ ಮಂಡಿಗಳನ್ನು ಎಂಆರ್‌ಐ ಮಾಡಿ ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಮೆನಿಸ್ಕಸ್ ಹರಿದಿದ್ದವರಲ್ಲಿ 61 ಶೇಕಡಾ ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿಯಲ್ಲಿ ನೋವಾಗಲಿ ಬಿಗಿತವಾಗಲಿ ಇರಲೇ ಇಲ್ಲ. ಅರವತ್ತು ದಾಟಿದವರ ವರದಿಯಲ್ಲಿ 'ಹರಿದಿದೆ' ಎಂಬ ಸಾಲು ಕಂಡ ಮಾತ್ರಕ್ಕೆ ನೋವಿನ ಮೂಲ ಸಿಕ್ಕಿತು ಎನ್ನುವಂತಿಲ್ಲ. ಕೀಲಿನ ಗೆರೆಯ ಮೇಲೆ ಬೆರಳಿಟ್ಟು ಒತ್ತಿದಾಗ ಅದೇ ಜಾಗ ನೋಯಬೇಕು, ಮಂಡಿ ತಿರುಚಿದಾಗ ಅದೇ ನೋವು ಮರುಕಳಿಸಬೇಕು. ಆಗ ಆ ಸಾಲಿಗೆ ಅರ್ಥ ಬರುತ್ತದೆ. ಎಕ್ಸ್‌ರೇ ಆದರೂ ನಿಂತುಕೊಂಡೇ ತೆಗೆಸಬೇಕು, ಮಲಗಿದಾಗ ಭಾರ ಬೀಳದೆ ಮೂಳೆಗಳ ನಡುವಿನ ಅಂತರ ಇರುವುದಕ್ಕಿಂತ ಹೆಚ್ಚು ಕಾಣಬಹುದು. ಇವೆಲ್ಲಕ್ಕೂ ಕಾಯಬಾರದ ಒಂದು ಸಂದರ್ಭ ಇದೆ: ಜ್ವರದೊಂದಿಗೆ ಮಂಡಿ ಬಿಸಿಯಾಗಿ, ತುಸು ಅಲುಗಿಸಿದರೂ ಜೀವ ಹೋದಂತಾದರೆ ಒಳಗೆ ಕೀವು ಇರಬಹುದು. ಅಂದೇ ಆಸ್ಪತ್ರೆ ಸೇರಬೇಕು.

ಉಳಿದ ಬಹುಪಾಲು ಮಂಡಿಗಳಲ್ಲಿ ಕೈಗೆ ಸಿಗುವ ದೋಷ ಒಂದೇ, ತೊಡೆಯ ಮುಂಭಾಗದ ಸ್ನಾಯು ಸೊರಗಿರುವುದು. ಗಂಟಿನೊಳಗೆ ಸ್ವಲ್ಪ ನೀರು ತುಂಬಿದರೂ ಆ ಸ್ನಾಯುವಿಗೆ ಹೋಗುವ ನರಸಂದೇಶ ತಗ್ಗುತ್ತದೆ. ಸ್ನಾಯು ಸೊರಗಿದಷ್ಟೂ ಗಂಟಿನ ಮೇಲೆ ಹೊರೆ ಹೆಚ್ಚು. ಚಿಪ್ಪಿನ ಮೇಲಂಚಿನಿಂದ 15 ಸೆಂಟಿಮೀಟರ್ ಮೇಲೆ ಗುರುತು ಹಾಕಿ ಎರಡೂ ತೊಡೆಗಳ ಸುತ್ತಳತೆಯನ್ನು ಟೇಪಿನಲ್ಲಿ ಅಳೆದರೆ ವ್ಯತ್ಯಾಸ ರೋಗಿಗೂ ಗೊತ್ತಾಗುತ್ತದೆ. ಕುರ್ಚಿಯಲ್ಲಿ ಕೂತು ಕಾಲನ್ನು ನೇರವಾಗಿಸಿ ಹಿಡಿಯುವುದರಿಂದ ವ್ಯಾಯಾಮ ಶುರು ಮಾಡಬಹುದು. ಬಲ ಬರಲು ವಾರಗಳೇ ಬೇಕು, ಎಂಟು-ಹತ್ತು ದಿನಕ್ಕೆ ಬಿಟ್ಟುಬಿಡುವವರೇ ಜಾಸ್ತಿ. ಅಡಿಕೆ ಸುಲಿಯುವವರಿಗೆ ಮಣೆಯನ್ನು ಒಂದು ಗೇಣು ಎತ್ತರಿಸಿಕೊಳ್ಳಿ ಎನ್ನುತ್ತೇನೆ, ಮಂಡಿ ಅಷ್ಟು ಮಡಚಬೇಕಾಗಿಲ್ಲ. ಮೇಳದ ಕಲಾವಿದರಿಗೆ ತಿರುಗಾಟದ ನಡುವೆ ಬಿಡುವು ಸಿಗದು. ಪತ್ತನಾಜೆಗೆ (ಮೇಳದ ತಿರುಗಾಟ ಮುಗಿಯುವ ದಿನ) ಗೆಜ್ಜೆ ಬಿಚ್ಚಿದ ಮೇಲೆ ಬರುವ ಮಳೆಗಾಲದ ತಿಂಗಳುಗಳಲ್ಲಿ ತೊಡೆ ಬಲಪಡಿಸುವ ವ್ಯಾಯಾಮವನ್ನು ದಿನಾ ಮಾಡಿ, ಮುಂದಿನ ತಿರುಗಾಟ ಹೊರಡುವ ಮೊದಲು ಇನ್ನೊಮ್ಮೆ ಬಂದು ತೋರಿಸಿ ಎಂದೇ ಅವರಿಗೆ ಹೇಳುವುದು.