ಗ್ಯಾಸ್ ಟರ್ಬೈನ್ ಎಂಜಿನ್ನಿನ ಅಂಗಗಳು: ಗಾಳಿಯ ಹಾದಿ ಹಿಡಿದು ಗುರುತಿಸುವ ಬಗೆ

ಗಾಳಿಯನ್ನು ಒಳಗೆಳೆದುಕೊಂಡು, ಅದನ್ನು ಒತ್ತಿ, ಅದರಲ್ಲಿ ಇಂಧನವನ್ನು ಉರಿಸಿ, ಹಾಗೆ ಹುಟ್ಟಿದ ಬಿಸಿ ಅನಿಲದಿಂದ ಮೊದಲು ತನ್ನದೇ ಕಂಪ್ರೆಸರನ್ನು ತಿರುಗಿಸಿಕೊಂಡು, ಉಳಿದ ಶಕ್ತಿಯನ್ನು ನೂಕುಬಲವಾಗಿಯೋ ಶಾಫ್ಟಿನ ತಿರುಗುಬಲವಾಗಿಯೋ ಹೊರಗೆ ಕೊಡುವ ಯಂತ್ರವನ್ನು ಗ್ಯಾಸ್ ಟರ್ಬೈನ್ ಎಂಜಿನ್ ಎನ್ನುತ್ತಾರೆ. ಪಠ್ಯಪುಸ್ತಕಗಳಲ್ಲಿ ಇದರ ಅಂಗಗಳನ್ನು ಒಂದರ ಪಕ್ಕ ಒಂದು ಚೌಕಗಳಾಗಿ ಬರೆದು ಇನ್‌ಲೆಟ್, ಕಂಪ್ರೆಸರ್ (ಗಾಳಿಯನ್ನು ಒತ್ತುವುದು), ದಹನಕೋಣೆ, ಟರ್ಬೈನ್ (ಬಿಸಿ ಅನಿಲದಿಂದ ತಿರುಗುವುದು), ನಾಝಲ್ (ಅನಿಲ ಹೊರಹೋಗುವ ಬಾಯಿ) ಎಂದು ಹೆಸರಿಸಿರುತ್ತಾರೆ. ಚೌಕಗಳೆಲ್ಲ ಒಂದೇ ಅಳತೆಯವು. ನಿಜವಾದ ಎಂಜಿನ್ನಿನ ಮುಂದೆ ನಿಂತವರಿಗೆ ಆ ಚಿತ್ರದಿಂದ ಆಗುವ ಉಪಕಾರ ಅಷ್ಟಕ್ಕಷ್ಟೆ. ಹೊರಗಿನಿಂದ ನೋಡಿದರೆ ಪೈಪು ಮತ್ತು ವೈರುಗಳ ಗೋಜಲು ಕಾಣುತ್ತದೆ. ಸೀಳಿ ತೋರಿಸಿದ ಮಾದರಿಯಲ್ಲಿ ನೋಡಿದರೆ ಒಂದೇ ತೆರನಾಗಿ ಕಾಣುವ ಬ್ಲೇಡುಗಳ ಸಾಲುಗಳು ಹಿಂದಿನವರೆಗೂ ಹಬ್ಬಿರುತ್ತವೆ. ಆದ್ದರಿಂದ ಹೆಸರುಗಳನ್ನು ಬಾಯಿಪಾಠ ಮಾಡುವ ಬದಲು, ಈ ಜಾಗದಲ್ಲಿ ಗಾಳಿಗೆ ಏನು ಮಾಡಲಾಗುತ್ತಿದೆ ಎಂದು ಕೇಳುತ್ತಾ ಹೋಗುವುದೇ ಭಾಗಗಳನ್ನು ಗುರುತಿಸುವ ಸರಿಯಾದ ದಾರಿ.

ಉದಾಹರಣೆಗೆ ಸಿಎಫ್‌ಎಂ56-7ಬಿ ಎಂಜಿನ್ನನ್ನು ತೆಗೆದುಕೊಳ್ಳೋಣ. ಮಂಗಳೂರಿನಿಂದ ಕೊಲ್ಲಿ ದೇಶಗಳಿಗೆ ಬೋಯಿಂಗ್ 737-800 ವಿಮಾನದಲ್ಲಿ ಹೋಗಿಬಂದವರು ಇದನ್ನು ರೆಕ್ಕೆಯ ಕೆಳಗೆ ಕಂಡೇ ಇರುತ್ತಾರೆ. ಅಮೆರಿಕದ ಜಿಇ ಮತ್ತು ಫ್ರಾನ್ಸಿನ ಸಫ್ರಾನ್ ಕೂಡಿ ತಯಾರಿಸುವ ಇದು ಎರಡು ಶಾಫ್ಟುಗಳ ಟರ್ಬೋಫ್ಯಾನ್, ಅಂದರೆ ಮುಂದೆ ದೊಡ್ಡ ಫ್ಯಾನ್ ಇರುವ ಎಂಜಿನ್. ಟೊಳ್ಳಾದ ಒಂದು ಶಾಫ್ಟಿನ ಒಳಗೆ ಇನ್ನೊಂದು ಶಾಫ್ಟು ಹಾದುಹೋಗಿದ್ದು, ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗುತ್ತವೆ. ಒಳಗಿನದನ್ನು ಕಡಿಮೆ ಒತ್ತಡದ ಶಾಫ್ಟ್ ಎಂದೂ ಹೊರಗಿನದನ್ನು ಹೆಚ್ಚು ಒತ್ತಡದ ಶಾಫ್ಟ್ ಎಂದೂ ಕರೆಯುತ್ತಾರೆ. ಕಾಕ್‌ಪಿಟ್ಟಿನ ಪರದೆಯಲ್ಲಿ ಎನ್1, ಎನ್2 ಎಂದು ಕಾಣುವ ಅಂಕಿಗಳು ಕ್ರಮವಾಗಿ ಇವುಗಳ ವೇಗಗಳೇ. ಈ ಎಂಜಿನ್ನಿನಲ್ಲಿ ಎನ್1 ನೂರು ಪ್ರತಿಶತ ಎಂದರೆ ನಿಮಿಷಕ್ಕೆ 5,175 ಸುತ್ತು. ಎನ್2 ನೂರು ಪ್ರತಿಶತ ಎಂದರೆ 14,460 ಸುತ್ತು.

ಮುಂದಿನಿಂದ ನೋಡಿದವರಿಗೆ ಮೊದಲು ಕಾಣುವುದು ಸ್ಪಿನ್ನರ್ ಎಂಬ ಶಂಕು ಮತ್ತು ಅದರ ಸುತ್ತಲಿನ ಫ್ಯಾನ್. ಸ್ಪಿನ್ನರಿನ ಮೇಲೆ ಬಳಿದ ಬಿಳಿಯ ಸುರುಳಿ, ಎಂಜಿನ್ ತಿರುಗುತ್ತಿದೆಯೇ ಇಲ್ಲವೇ ಎಂಬುದನ್ನು ನೆಲದ ಮೇಲಿನ ಕೆಲಸಗಾರರಿಗೆ ತಿಳಿಸುವುದಕ್ಕಾಗಿ ಇದೆ. ಫ್ಯಾನಿನ ಅಡ್ಡಳತೆ 61 ಅಂಗುಲ, ಅಂದರೆ ಸುಮಾರು 1.55 ಮೀಟರ್, ಟೈಟಾನಿಯಮ್ಮಿನ 24 ಅಗಲವಾದ ಬ್ಲೇಡುಗಳು ಇದರಲ್ಲಿವೆ. ಹಿಂದಿನ ತಲೆಮಾರಿನ ಸಿಎಫ್‌ಎಂ56-3ರಲ್ಲಿ 38 ಕಿರಿದಾದ ಬ್ಲೇಡುಗಳಿದ್ದವು. ಅವು ಅದುರದಂತೆ ಪ್ರತಿ ಬ್ಲೇಡಿನ ನಡುವೆ ಒಂದು ಸಣ್ಣ ಚಾಚು ಇದ್ದು, ಅಕ್ಕಪಕ್ಕದ ಚಾಚುಗಳು ಒಂದನ್ನೊಂದು ತಾಗಿ ಉಂಗುರದಂತೆ ನಿಲ್ಲುತ್ತಿದ್ದವು. ಫ್ಯಾನಿನ ನಡುವೆ ಅಂಥ ಉಂಗುರ ಕಂಡರೆ ಅದು ಹಳೆಯ ವಿನ್ಯಾಸದ್ದೆಂದು ಬಹುಮಟ್ಟಿಗೆ ಹೇಳಬಹುದು. ನಿಂತ ವಿಮಾನದ ಫ್ಯಾನು ಗಾಳಿಗೆ ಮೆಲ್ಲಗೆ ತಿರುಗುವಾಗ ಟಕಟಕ ಎಂಬ ಸದ್ದು ಕೇಳಿಬರುತ್ತದೆ. ಏನೋ ಸಡಿಲವಾಗಿದೆ ಎಂದು ಏಣಿ ಹತ್ತುವ ಪ್ರಯಾಣಿಕರು ಗಾಬರಿಪಡುವುದುಂಟು. ಸಡಿಲವಾಗಿರುವುದು ನಿಜವೇ, ಆದರೆ ಬೇಕೆಂದೇ ಹಾಗೆ ಬಿಟ್ಟಿರುತ್ತಾರೆ. ಬ್ಲೇಡಿನ ಬುಡ ಡಿಸ್ಕಿನ ತೋಡಿನಲ್ಲಿ ಅಲ್ಪಸ್ವಲ್ಪ ಆಡುವಂತೆ ಕೂತಿದ್ದು, ಎಂಜಿನ್ ವೇಗ ಹಿಡಿದಾಗ ಹೊರಮುಖವಾದ ಸೆಳೆತಕ್ಕೆ ಸಿಕ್ಕಿ ಬಿಗಿಯಾಗುತ್ತದೆ.

ಫ್ಯಾನ್ ದಾಟಿದ ಗಾಳಿ ಎರಡು ಹಾದಿಗಳಾಗಿ ಒಡೆಯುತ್ತದೆ. ಒಳಗಿನ ಹಾದಿಗೆ ಒಂದು ಪಾಲು ಹೋದರೆ ಹೊರಗಿನ ಹಾದಿಗೆ ಐದಕ್ಕಿಂತ ತುಸು ಹೆಚ್ಚು ಪಾಲು ಹೋಗುತ್ತದೆ. ಈ ಅನುಪಾತವೇ ಬೈಪಾಸ್ ರೇಷಿಯೊ. ಹೊರಗಿನ ಹಾದಿಯಲ್ಲಿ ಉರಿಯೂ ಇಲ್ಲ, ಟರ್ಬೈನೂ ಇಲ್ಲ. ಫ್ಯಾನಿನಿಂದ ಸುಳಿಯುತ್ತಾ ಬಂದ ಗಾಳಿಯನ್ನು ನೇರಗೊಳಿಸುವ ಸ್ಥಿರ ವೇನ್‌ಗಳನ್ನು ದಾಟಿ ಅದು ಸೀದಾ ಹಿಂದಕ್ಕೆ ಹೊರಡುತ್ತದೆ. ವಿಮಾನಕ್ಕೆ ಸಿಗುವ ನೂಕುಬಲದ ಬಹುಪಾಲು ಈ ತಣ್ಣನೆಯ ಗಾಳಿಯಿಂದಲೇ ಬರುತ್ತದೆ ಎಂಬುದನ್ನು ನೆನಪಿಟ್ಟುಕೊಂಡರೆ, ಉರಿಯುವ ಭಾಗ ಇಷ್ಟು ದೊಡ್ಡ ಎಂಜಿನ್ನಿನ ನಡುವೆ ಅಷ್ಟು ಚಿಕ್ಕದಾಗಿ ಕಾಣುವುದೇಕೆ ಎಂಬುದು ಅರ್ಥವಾಗುತ್ತದೆ.

ಒಳಗಿನ ಹಾದಿ ಹಿಡಿದ ಗಾಳಿಯನ್ನು ಮೊದಲು ಬೂಸ್ಟರ್ ಎಂಬ ಮೂರು ಸ್ಟೇಜುಗಳ ಕಡಿಮೆ ಒತ್ತಡದ ಕಂಪ್ರೆಸರ್, ಬಳಿಕ ಒಂಬತ್ತು ಸ್ಟೇಜುಗಳ ಹೆಚ್ಚು ಒತ್ತಡದ ಕಂಪ್ರೆಸರ್ ಒತ್ತುತ್ತವೆ. ತಿರುಗುವ ಬ್ಲೇಡುಗಳ ಒಂದು ಸಾಲು, ಅದರ ಹಿಂದೆ ಕದಲದ ವೇನ್‌ಗಳ ಒಂದು ಸಾಲು, ಇವೆರಡೂ ಸೇರಿದರೆ ಒಂದು ಸ್ಟೇಜ್. ಬ್ಲೇಡು ಗಾಳಿಗೆ ವೇಗ ಕೊಡುತ್ತದೆ, ವೇನು ಆ ವೇಗವನ್ನು ಒತ್ತಡವಾಗಿ ಬದಲಿಸುತ್ತದೆ. ಒತ್ತಿದಂತೆಲ್ಲ ಗಾಳಿ ಹಿಡಿಸುವ ಜಾಗ ಕಡಿಮೆಯಾಗುವುದರಿಂದ ಬ್ಲೇಡುಗಳು ಹಿಂದೆ ಹಿಂದೆ ಹೋದಂತೆ ಗಿಡ್ಡವಾಗುತ್ತಾ ಹೋಗಿ, ಕೊನೆಯ ಸ್ಟೇಜಿನಲ್ಲಿ ಬೆರಳಿಗಿಂತಲೂ ಮೋಟಾಗಿರುತ್ತವೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವಂತೆ ಇಲ್ಲಿಯೂ ಗಾಳಿ ಒತ್ತಡಕ್ಕೇ ಕಾಯುತ್ತದೆ. ಟೇಕಾಫ್ ಸಮಯದಲ್ಲಿ, ಇಂಧನದ ಒಂದು ಹನಿಯೂ ಬೀಳುವ ಮೊದಲೇ, ಅದರ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಈ ಕಾರಣಕ್ಕಾಗಿಯೇ ಕಂಪ್ರೆಸರಿನ ಮುಂದಿನ ಸಾಲುಗಳನ್ನು ಹಗುರವಾದ ಟೈಟಾನಿಯಮ್ಮಿನಿಂದಲೂ ಹಿಂದಿನ ಸಾಲುಗಳನ್ನು ಉಕ್ಕು ಅಥವಾ ನಿಕಲ್ ಮಿಶ್ರಲೋಹದಿಂದಲೂ ಮಾಡುತ್ತಾರೆ.

ಕಂಪ್ರೆಸರಿನ ಬ್ಲೇಡನ್ನೂ ಟರ್ಬೈನಿನ ಬ್ಲೇಡನ್ನೂ ಒಂದಕ್ಕೊಂದು ಅದಲುಬದಲಾಗಿ ಹೇಳುವುದು ಹೊಸಬರಲ್ಲಿ ಸಾಮಾನ್ಯ. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದರೆ ಈ ಗೊಂದಲ ಉಳಿಯದು. ಕಂಪ್ರೆಸರಿನ ಬ್ಲೇಡು ತೆಳ್ಳಗಿರುತ್ತದೆ, ಅದರ ಬಾಗು ಅಲ್ಪ, ಅಂಚು ಚೂಪು, ಬುಡ ಸರಳ. ಟರ್ಬೈನಿನ ಬ್ಲೇಡು ದಪ್ಪಗಿದ್ದು ಬೊಗಸೆಯಾಗುವಷ್ಟು ಬಾಗಿರುತ್ತದೆ, ಮುಂದಿನ ಅಂಚು ಮೊಂಡಾಗಿ ಉರುಟಾಗಿರುತ್ತದೆ, ಕೈಗೆ ಭಾರವೆನಿಸುತ್ತದೆ. ಅದರ ಬುಡದ ಎರಡೂ ಬದಿಗೆ ಮೆಟ್ಟಿಲು ಮೆಟ್ಟಿಲಾಗಿ ಹಲ್ಲುಗಳನ್ನು ಕೊರೆದಿರುತ್ತಾರೆ. ಫರ್-ಟ್ರೀ ರೂಟ್ ಎಂದು ಕರೆಯುವ ಈ ಬುಡ, ಬಿಸಿಯಲ್ಲಿ ಹಿಗ್ಗಿದ ಬ್ಲೇಡಿನ ಸೆಳೆತವನ್ನು ಒಂದೇ ಅಂಚಿನ ಮೇಲೆ ಹೇರದೆ ಹಲವು ಹಲ್ಲುಗಳಿಗೆ ಹಂಚುತ್ತದೆ. ಆಕಾರ ಹೀಗೆ ಬೇರೆಯಾಗಲು ಕಾರಣ ಗಾಳಿಯ ಸ್ವಭಾವ. ಕಡಿಮೆ ಒತ್ತಡದಿಂದ ಹೆಚ್ಚು ಒತ್ತಡದ ಕಡೆಗೆ ಗಾಳಿ ತಾನಾಗಿ ಹೋಗುವುದಿಲ್ಲ, ಬಲವಂತವಾಗಿ ತಿರುಗಿಸಿದರೆ ಬ್ಲೇಡಿನ ಮೈಯನ್ನು ಬಿಟ್ಟು ಕಳಚಿಕೊಳ್ಳುತ್ತದೆ. ಆದ್ದರಿಂದ ಕಂಪ್ರೆಸರಿನಲ್ಲಿ ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಹಲವು ಸ್ಟೇಜುಗಳಲ್ಲಿ ಒತ್ತಬೇಕಾಗುತ್ತದೆ. ಟರ್ಬೈನಿನಲ್ಲಿ ಅನಿಲ ಇಳಿಜಾರಿನ ಹಾದಿಯಲ್ಲಿದ್ದು, ಎಷ್ಟು ತೀವ್ರವಾಗಿ ಬಾಗಿಸಿದರೂ ಮೈಗಂಟಿಕೊಂಡೇ ಹರಿಯುತ್ತದೆ. ಒಂಬತ್ತು ಸ್ಟೇಜುಗಳ ಕಂಪ್ರೆಸರನ್ನು ಒಂದೇ ಸ್ಟೇಜಿನ ಟರ್ಬೈನ್ ತಿರುಗಿಸಬಲ್ಲುದು ಎಂಬ ವಿಚಿತ್ರದ ಹಿಂದಿರುವುದು ಇದೇ ಸಂಗತಿ. ಇನ್ನೊಂದು ಗುರುತೂ ಇದೆ: ಕಂಪ್ರೆಸರಿನ ಸ್ಟೇಜಿನಲ್ಲಿ ತಿರುಗುವ ಸಾಲು ಮೊದಲು, ಸ್ಥಿರ ಸಾಲು ಆಮೇಲೆ, ಟರ್ಬೈನಿನ ಸ್ಟೇಜಿನಲ್ಲಿ ಸ್ಥಿರ ಸಾಲೇ ಮೊದಲು.

ಕಂಪ್ರೆಸರಿಗೂ ಟರ್ಬೈನಿಗೂ ನಡುವೆ ಇರುವುದು ದಹನಕೋಣೆ. ಈಗಿನ ಎಂಜಿನ್ನುಗಳಲ್ಲಿ ಇದು ಶಾಫ್ಟನ್ನು ಬಳಸಿ ನಿಂತ, ಒಳಗೂ ಹೊರಗೂ ತೆಳು ಗೋಡೆಗಳಿರುವ ಒಂದೇ ಬಳೆಯಾಕಾರದ ಕೋಣೆ. ಮೈತುಂಬ ತೂತುಗಳಿರುವುದರಿಂದ ಸೀಳಿದ ಮಾದರಿಗಳಲ್ಲಿ ಇದನ್ನು ಗುರುತಿಸುವುದು ಎಲ್ಲಕ್ಕಿಂತ ಸುಲಭ. ಬಂದ ಗಾಳಿಯೆಲ್ಲ ಉರಿಯಲ್ಲಿ ಭಾಗವಹಿಸುವುದಿಲ್ಲ. ಅದರ ಸಣ್ಣದೊಂದು ಪಾಲು ಮಾತ್ರ ಇಂಧನದೊಂದಿಗೆ ಬೆರೆತು ಉರಿಯುತ್ತದೆ, ಮಿಕ್ಕದ್ದು ಆ ತೂತುಗಳ ಮೂಲಕ ನುಗ್ಗಿ ಗೋಡೆಯನ್ನು ತಣಿಸುತ್ತದೆ ಮತ್ತು ಉರಿಯ ಬಿಸಿಯನ್ನು ಟರ್ಬೈನ್ ತಾಳಬಲ್ಲ ಮಟ್ಟಕ್ಕೆ ಇಳಿಸುತ್ತದೆ.

ಅಲ್ಲಿಂದ ಹೊರಟ ಅನಿಲ ಮೊದಲು ಎದುರಿಸುವುದು ನಾಝಲ್ ಗೈಡ್ ವೇನ್‌ಗಳನ್ನು, ಆಮೇಲೆ ಹೆಚ್ಚು ಒತ್ತಡದ ಟರ್ಬೈನಿನ ಬ್ಲೇಡುಗಳನ್ನು. ಆ ಅನಿಲದ ಬಿಸಿ ಬ್ಲೇಡಿನ ಲೋಹ ಕರಗುವ ಬಿಸಿಗಿಂತಲೂ ಹೆಚ್ಚಿರಬಹುದು. ಆದರೂ ಬ್ಲೇಡು ಕರಗದಿರುವುದಕ್ಕೆ ಮೂರು ಏರ್ಪಾಡುಗಳಿವೆ: ನಿಕಲ್ ಮಿಶ್ರಲೋಹವನ್ನು ಒಂದೇ ಸ್ಫಟಿಕವಾಗಿ ಬೆಳೆಸಿ ಎರಕ ಹೊಯ್ಯುವುದು, ಟೊಳ್ಳಾದ ಒಳಮೈಯಲ್ಲಿ ಕಂಪ್ರೆಸರಿನಿಂದ ತಂದ ಗಾಳಿಯನ್ನು ಹರಿಸಿ ಸೂಜಿಮೊನೆಯಷ್ಟು ಸಣ್ಣ ತೂತುಗಳಿಂದ ಹೊರಬಿಡುವುದು, ಮತ್ತು ಹೊರಮೈಗೆ ಪಿಂಗಾಣಿಯ ಜಾತಿಯ ಲೇಪ ಕೊಡುವುದು. ಬ್ಲೇಡಿನ ಮೈಮೇಲೆ ಸಾಲಾಗಿ ತೂತುಗಳಿದ್ದರೆ ಅದು ಟರ್ಬೈನಿನದೇ. ಕಂಪ್ರೆಸರಿನಲ್ಲಿ ಅಂಥ ಬ್ಲೇಡಿಗೆ ಕೆಲಸವಿಲ್ಲ. ಹೆಚ್ಚು ಒತ್ತಡದ ಕಂಪ್ರೆಸರ್, ದಹನಕೋಣೆ ಮತ್ತು ಈ ಟರ್ಬೈನ್ ಮೂರನ್ನೂ ಸೇರಿಸಿ ಕೋರ್ ಎನ್ನುತ್ತಾರೆ. ಬೆಂಗಳೂರಿನ ಜಿಟಿಆರ್‌ಇ ಎಂಬ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ರೂಪಿಸಿದ ಕಾವೇರಿ ಎಂಜಿನ್ನಿನ ಕೋರ್‌ಗೆ ಕಬಿನಿ ಎಂದು ಹೆಸರಿಟ್ಟಿರುವುದು ಬಲು ಔಚಿತ್ಯದ್ದು. ಕೋರ್ ತಾನೊಂದೇ ಓಡಬಲ್ಲ ಪೂರ್ಣ ಎಂಜಿನ್. ಮುಂದೆ ಫ್ಯಾನನ್ನೂ ಹಿಂದೆ ಅದನ್ನು ತಿರುಗಿಸುವ ಟರ್ಬೈನನ್ನೂ ಸೇರಿಸಿದಾಗ ದೊಡ್ಡದಾಗುತ್ತದೆ.

ಆ ಹಿಂದಿನ ಟರ್ಬೈನಿಗೆ ಕಡಿಮೆ ಒತ್ತಡದ ಟರ್ಬೈನ್ ಎಂದು ಹೆಸರು. ಸಿಎಫ್‌ಎಂ56-7ಬಿಯಲ್ಲಿ ಇದಕ್ಕೆ ನಾಲ್ಕು ಸ್ಟೇಜುಗಳಿವೆ. ಅನಿಲ ಹಿಗ್ಗುತ್ತಾ ಹೋಗುವುದರಿಂದ ಬ್ಲೇಡುಗಳು ಹಿಂದೆ ಹೋದಂತೆ ಉದ್ದವಾಗುತ್ತವೆ. ಇಲ್ಲಿ ಸ್ಟೇಜುಗಳನ್ನು ಎಣಿಸುವುದು ಬಹಳ ಉಪಯುಕ್ತವಾದ ಅಭ್ಯಾಸ. ಫ್ಯಾನ್ ದೊಡ್ಡದಾದಷ್ಟೂ ಅದು ನಿಧಾನವಾಗಿ ತಿರುಗಬೇಕು, ಇಲ್ಲದಿದ್ದರೆ ಬ್ಲೇಡಿನ ತುದಿಯ ವೇಗ ಅತಿಯಾಗುತ್ತದೆ. ಅದೇ ಶಾಫ್ಟಿಗೆ ಕಟ್ಟಿಕೊಂಡ ಟರ್ಬೈನೂ ನಿಧಾನವಾಗಿ ತಿರುಗಬೇಕಾಗಿ, ಶಕ್ತಿ ತೆಗೆಯಲು ಹೆಚ್ಚು ಸ್ಟೇಜುಗಳು ಬೇಕಾಗುತ್ತವೆ. ಏರ್‌ಬಸ್ ಎ320 ನಿಯೋ ವಿಮಾನಕ್ಕೆ ಆಯ್ಕೆಯಾಗಿ ಸಿಗುವ ಎರಡು ಬಗೆಯ ಎಂಜಿನ್ನುಗಳಲ್ಲಿ ಲೀಪ್-1ಎ ಇದಕ್ಕೆ ಒಳ್ಳೆಯ ನಿದರ್ಶನ: ಅದರ ಫ್ಯಾನು 78 ಅಂಗುಲ, ಟರ್ಬೈನಿಗೆ ಏಳು ಸ್ಟೇಜು. ಅದೇ ವಿಮಾನದ ಇನ್ನೊಂದು ಎಂಜಿನ್ನಾದ ಪ್ರ್ಯಾಟ್ ಅಂಡ್ ವಿಟ್ನಿ ಪಿಡಬ್ಲ್ಯು1100ಜಿಯಲ್ಲಿ ಫ್ಯಾನು 81 ಅಂಗುಲವಿದ್ದರೂ ಟರ್ಬೈನಿಗೆ ಮೂರೇ ಸ್ಟೇಜು. ಫ್ಯಾನಿಗೂ ಶಾಫ್ಟಿಗೂ ನಡುವೆ ಸುಮಾರು ಮೂರಕ್ಕೊಂದು ಅನುಪಾತದ ಗೇರ್‌ಬಾಕ್ಸ್ ಇರುವುದರಿಂದ, ಫ್ಯಾನ್ ನಿಧಾನವಾಗಿ ತಿರುಗುವಾಗಲೂ ಟರ್ಬೈನ್ ತನ್ನ ವೇಗದಲ್ಲಿ ಓಡುತ್ತದೆ. ಹೀಗೆ ಗೇರ್‌ಬಾಕ್ಸು ಕಣ್ಣಿಗೆ ಬೀಳದಿದ್ದರೂ ಹಿಂದಿನ ಸ್ಟೇಜುಗಳ ಎಣಿಕೆಯಿಂದಲೇ ಅದರ ಇರುವನ್ನು ಊಹಿಸಬಹುದು.

ತಿರುಗುವ ಭಾಗಗಳನ್ನು ಹೊತ್ತಿರುವ ಬೇರಿಂಗುಗಳು ಸಿಎಫ್‌ಎಂ56ರಲ್ಲಿ ಐದು; ಅವುಗಳ ಭಾರವನ್ನು ಮುಂದಿನ ಫ್ಯಾನ್ ಫ್ರೇಮ್ ಮತ್ತು ಹಿಂದಿನ ಟರ್ಬೈನ್ ಫ್ರೇಮ್ ಹೊರುತ್ತವೆ. ಚಿತ್ರಗಳಲ್ಲಿ ಇವುಗಳಿಗೆ ಸಿಗುವ ಜಾಗ ಕಡಿಮೆ.

ಎಂಜಿನ್ನನ್ನು ಸೀಳಿರದಿದ್ದರೆ ಹೊರಮೈಯನ್ನೇ ಓದಬೇಕಾಗುತ್ತದೆ, ಅದೂ ಅಸಾಧ್ಯವೇನಲ್ಲ. ಕೇಸಿಂಗ್ ಎಂಬ ಹೊರಕವಚದ ಸುತ್ತ ಉಂಗುರವೊಂದಿದ್ದು, ಅದಕ್ಕೆ ಬೆರಳುದ್ದದ ಸಣ್ಣ ಕೀಲುಗಳು ಒತ್ತೊತ್ತಾಗಿ ಜೋಡಿಸಿದ್ದರೆ, ಅದರ ಕೆಳಗೆ ಹೆಚ್ಚು ಒತ್ತಡದ ಕಂಪ್ರೆಸರಿನ ಮುಂದಿನ ಸ್ಟೇಜುಗಳಿವೆ ಎಂದು ತಿಳಿಯಬೇಕು. ಎಂಜಿನ್ನಿನ ವೇಗ ಬದಲಾದಂತೆ ಅಲ್ಲಿನ ವೇನ್‌ಗಳ ಕೋನವನ್ನು ಬದಲಿಸುವ ಕೀಲುಗಳು ಅವು. ಸಿಎಫ್‌ಎಂ56-7ಬಿಯಲ್ಲಿ ಇಂಥ ನಾಲ್ಕು ಸಾಲುಗಳಿವೆ. ಅವುಗಳ ಹಿಂದೆ, ಒಂದು ಕೊಳವೆಯಿಂದ ಕವಲೊಡೆದು ಸಮದೂರದಲ್ಲಿ ಕೇಸಿಂಗಿನೊಳಗೆ ಇಳಿಯುವ ಸಣ್ಣ ಪೈಪುಗಳು ಇಂಧನದವು. ಅಲ್ಲೇ ದಪ್ಪ ಕೇಬಲ್ ಬಂದು ಸೇರುವ, ಕಿಡಿ ಹಾರಿಸುವ ಎರಡು ಇಗ್ನೈಟರುಗಳೂ ಕಂಡರೆ, ದಹನಕೋಣೆ ಅದರ ಕೆಳಗೇ ಇದೆ. ಇನ್ನೂ ಹಿಂದೆ ಸುತ್ತಲೂ ಚುಚ್ಚಿರುವ ತೆಳುವಾದ ತಾಪಮಾಪಕಗಳು ಟರ್ಬೈನಿನ ಗುರುತು. ಕಾಕ್‌ಪಿಟ್ಟಿಗೆ ಹೋಗುವ ಇಜಿಟಿ (ಹೊರಹೋಗುವ ಅನಿಲದ ಬಿಸಿ) ಎಂಬ ಅಂಕಿ ಅವುಗಳಿಂದ ಬರುತ್ತದೆ. ಸ್ಟಾರ್ಟರ್, ಜನರೇಟರ್, ಇಂಧನ ಮತ್ತು ಹೈಡ್ರಾಲಿಕ್ ಪಂಪುಗಳನ್ನು ಹೊತ್ತ ಪೆಟ್ಟಿಗೆಯೇ ಅಕ್ಸೆಸರಿ ಗೇರ್‌ಬಾಕ್ಸ್. ಅದು ಹೆಚ್ಚು ಒತ್ತಡದ ಶಾಫ್ಟಿಗೆ ಕೂಡಿರುವುದರಿಂದ ಎಂಜಿನ್ ಶುರುಮಾಡುವಾಗ ಮೊದಲು ಏರುವುದು ಎನ್2. ಬೋಯಿಂಗ್ 737ರ ರೆಕ್ಕೆ ನೆಲಕ್ಕೆ ಹತ್ತಿರವಿರುವ ಕಾರಣ ಈ ಪೆಟ್ಟಿಗೆಯನ್ನು ಅಡಿಯಲ್ಲಿಡದೆ ಪಕ್ಕಕ್ಕೆ ಸರಿಸಿದ್ದಾರೆ. ಅದರ ಎಂಜಿನ್ನಿನ ಬಾಯಿ ಕೆಳಗೆ ಚಪ್ಪಟೆಯಾಗಿ ಕಾಣುವುದು ಅದರಿಂದಲೇ. ಪೈಪೊಂದರ ಜಾಗವನ್ನು ಹೇಳುವಾಗ ತಂತ್ರಜ್ಞರು ಎಂಜಿನ್ನಿನ ಹಿಂದೆ ನಿಂತು ಮುಂದಕ್ಕೆ ನೋಡಿದಂತೆ ಭಾವಿಸಿ, ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ನಾಲ್ಕು ಗಂಟೆಯ ಜಾಗ, ಎಂಟು ಗಂಟೆಯ ಜಾಗ ಎನ್ನುತ್ತಾರೆ. ಮುಂದೆ ನಿಂತು ನೋಡುವವರಿಗೆ ಎಡಬಲ ತಿರುಗುಮುರುಗಾಗುವುದರಿಂದ ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಎಲ್ಲ ಎಂಜಿನ್ನುಗಳಲ್ಲೂ ಇಷ್ಟೆಲ್ಲ ಭಾಗಗಳಿರಬೇಕೆಂದಿಲ್ಲ. 1961ರಲ್ಲಿ ಮೊದಲು ಹಾರಿದ ಮಾರುತ್ ಯುದ್ಧವಿಮಾನದಲ್ಲಿದ್ದ, ಬೆಂಗಳೂರಿನ ಹೆಚ್‌ಎಎಲ್ ಪರವಾನಗಿ ಪಡೆದು ತಯಾರಿಸಿದ ಆರ್ಫಿಯಸ್ ಎಂಜಿನ್ ಒಂದೇ ಶಾಫ್ಟಿನ ಟರ್ಬೋಜೆಟ್: ಏಳು ಸ್ಟೇಜಿನ ಕಂಪ್ರೆಸರ್, ಬಳೆಯಾಕಾರದ ಕೇಸಿಂಗಿನೊಳಗೆ ಏಳು ಬಿಡಿ ಉರಿಕೊಳವೆಗಳು, ಒಂದು ಸ್ಟೇಜಿನ ಟರ್ಬೈನ್. ಫ್ಯಾನೂ ಇಲ್ಲ, ಬೈಪಾಸೂ ಇಲ್ಲ. ಕಲಿಯುವವರಿಗೆ ಇದಕ್ಕಿಂತ ಸರಳವಾದ ಮಾದರಿ ಸಿಗುವುದು ಕಷ್ಟವೆಂದೇ ನನ್ನ ಅನಿಸಿಕೆ. ತೇಜಸ್ ವಿಮಾನದ ಎಫ್404ರಲ್ಲಿ ಟರ್ಬೈನಿನ ಹಿಂದೆಯೂ ಉದ್ದನೆಯ ಕೊಳವೆ ಮುಂದುವರಿಯುತ್ತದೆ. ಅದರಲ್ಲಿ ಮತ್ತೊಮ್ಮೆ ಇಂಧನ ಚಿಮ್ಮಿ ಉರಿಸುವ ಆಫ್ಟರ್‌ಬರ್ನರ್ ಇದ್ದು, ಕೊನೆಯಲ್ಲಿ ಹಿಗ್ಗಿ ಕುಗ್ಗುವ ಪಟ್ಟಿಗಳ ನಾಝಲ್ ಇರುತ್ತದೆ.

ಕಣ್ಣಿಗೆ ಹೆಚ್ಚು ಮೋಸ ಮಾಡುವುದು ಪ್ರೊಪೆಲರನ್ನು ತಿರುಗಿಸುವ ಪಿಟಿ6 ಎಂಬ ಟರ್ಬೋಪ್ರಾಪ್ ಎಂಜಿನ್. ವಾಯುಪಡೆಯ ತರಬೇತಿ ವಿಮಾನವಾದ ಪಿಲಾಟಸ್ ಪಿಸಿ-7ರಲ್ಲಿ ಹೊಗೆಕೊಳವೆಗಳು ಪ್ರೊಪೆಲರಿನ ತೀರ ಹಿಂದೆಯೇ, ಮೂಗಿನ ಎರಡೂ ಬದಿಗೆ ಇರುವುದನ್ನು ಕಂಡು ಇವು ಗಾಳಿ ಒಳಹೋಗುವ ಬಾಯಿಗಳೆಂದು ತಿಳಿಯುವವರುಂಟು. ಪಿಟಿ6ರಲ್ಲಿ ಗಾಳಿ ಎಂಜಿನ್ನಿನ ಹಿಂಭಾಗದ ಜಾಲರಿಯ ಮೂಲಕ ಒಳಬಂದು, ಮುಂದಕ್ಕೆ ಹರಿಯುತ್ತಾ ಮೂರು ಅಕ್ಷೀಯ ಸ್ಟೇಜು ಮತ್ತು ಒಂದು ಕೇಂದ್ರಾಪಗಾಮಿ ಚಕ್ರದಲ್ಲಿ ಒತ್ತಿಸಿಕೊಂಡು, ದಹನಕೋಣೆಯಲ್ಲಿ ಮೊಗಚಿ, ಟರ್ಬೈನುಗಳನ್ನು ದಾಟಿ ಮುಂಭಾಗದಲ್ಲಿ ಹೊರಬೀಳುತ್ತದೆ. ಪ್ರೊಪೆಲರನ್ನು ತಿರುಗಿಸುವ ಟರ್ಬೈನಿಗೂ ಕಂಪ್ರೆಸರನ್ನು ತಿರುಗಿಸುವ ಟರ್ಬೈನಿಗೂ ಶಾಫ್ಟಿನ ಸಂಬಂಧವೇ ಇಲ್ಲ. ನಡುವೆ ಇರುವುದು ಹರಿಯುವ ಅನಿಲ ಮಾತ್ರ. ಈ ಎಂಜಿನ್ನಿನಲ್ಲಿ ಕಂಪ್ರೆಸರನ್ನು ಹುಡುಕಬೇಕಾದುದು ಹಿಂದೆ, ಟರ್ಬೈನನ್ನು ಹುಡುಕಬೇಕಾದುದು ಮುಂದೆ, ಅಕ್ಸೆಸರಿ ಗೇರ್‌ಬಾಕ್ಸು ಎಲ್ಲಕ್ಕಿಂತ ಹಿಂದೆ, ವಿಮಾನದ ಬೆಂಕಿಗೋಡೆಯ ಕಡೆಗೆ ಕೂತಿರುತ್ತದೆ.